ಉಂಡು ಮಲಗಿದರೂ ಮುಗಿಯದ ಜಗಳ: ಕೋಪಕ್ಕೂ ಚಿಕಿತ್ಸೆಯುಂಟು

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬುದು ನಮ್ಮ ಹಿರಿಯರ ಅನುಭವದಿಂದ ಹುಟ್ಟಿದ ಗಾದೆ. ಸಂಸಾರವೆಂದ ಮೇಲೆ ಮಾತಿಗೆ ಮಾತು ಬೆಳೆಯುವುದು ಸಹಜ. ರಾತ್ರಿಯ ಊಟದ ವೇಳೆಗೆ ಅದು ತಣ್ಣಗಾಗುವುದೂ ಅಷ್ಟೇ ಸಹಜ. ಆದರೆ ಕೆಲವು ಮನೆಗಳಲ್ಲಿ ಜಗಳವು ಉಂಡರೂ ಮುಗಿಯುವುದಿಲ್ಲ, ಮಲಗಿದರೂ ಮುಗಿಯುವುದಿಲ್ಲ. ಅನ್ನದ ತಟ್ಟೆ ಅಂಗಳಕ್ಕೆ ಬೀಳುತ್ತದೆ. ಮಕ್ಕಳು ಹಸಿದ ಹೊಟ್ಟೆಯಲ್ಲಿಯೇ ಮೂಲೆ ಸೇರಿ ನಿದ್ರೆ ಹೋಗುತ್ತಾರೆ. ಈ ಲೇಖನವು ಅಂತಹ ಮನೆಗಳ ದಂಪತಿಗಳಿಗಾಗಿ.

ಕೆಲವು ವರ್ಷಗಳ ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಗೃಹಿಣಿಯು ಹುಬ್ಬಿನ ಮೇಲೆ ಗಾಯ ಮಾಡಿಕೊಂಡು ಬಂದಳು. ‘ಬಾಗಿಲ ಚೌಕಟ್ಟು ತಗುಲಿತು’ ಎಂದಳು. ನಾನು ನಾಲ್ಕು ಹೊಲಿಗೆ ಹಾಕಿ, ಧನುರ್ವಾತದ ಚುಚ್ಚುಮದ್ದು ಕೊಟ್ಟು ಕಳುಹಿಸಿದೆ. ಬೇರೆ ಏನನ್ನೂ ಕೇಳಲಿಲ್ಲ. ಮೂರು ತಿಂಗಳ ತರುವಾಯ ಆಕೆಯ ಪತಿಯು ತಮ್ಮ ಐದು ವರ್ಷದ ಮಗನನ್ನು ಎತ್ತಿಕೊಂಡು ಓಡಿಬಂದನು. ಹೆಂಡತಿಯ ಕಡೆಗೆ ಎಸೆದ ಹಿತ್ತಾಳೆಯ ಚೊಂಬು ನಡುವೆ ಬಂದ ಮಗುವಿಗೆ ತಗುಲಿ ಮುಂಗೈಯ ಮೂಳೆ ಮುರಿದಿತ್ತು. ನಾನು ಕೈಗೆ ಪಟ್ಟಿ ಕಟ್ಟಿ, ಬರೆಯಬೇಕಾದ ವರದಿಯನ್ನು ಬರೆದೆ. ಆಗ ಆತನು ತಲೆ ತಗ್ಗಿಸಿಕೊಂಡು, ‘ಡಾಕ್ಟರೇ, ಈ ಸಿಟ್ಟಿಗೆ ಏನಾದರೂ ಮದ್ದು ಉಂಟೆ?’ ಎಂದು ಕೇಳಿದನು. ಈ ಪ್ರಶ್ನೆಯನ್ನು ಆತನು ಇನ್ನೂ ಮುಂಚೆ ಕೇಳಬೇಕಾಗಿತ್ತು. ಆ ಮೊದಲ ದಿನವೇ ನಾನೂ ಆತನ ಹೆಂಡತಿಯನ್ನು ಪ್ರತ್ಯೇಕವಾಗಿ ಕೂರಿಸಿ ವಿಚಾರಿಸಬೇಕಾಗಿತ್ತು.

ಕೋಪ ಬಂದಾಗ ದೇಹದಲ್ಲಿ ಏನಾಗುತ್ತದೆ?

ಕೋಪವು ಪಾಪವೂ ಅಲ್ಲ, ದೆವ್ವದ ಕಾಟವೂ ಅಲ್ಲ. ಹಸಿವು, ಭಯ, ದುಃಖಗಳಂತೆ ಅದೂ ಒಂದು ಸಹಜ ಭಾವನೆ. ಅನ್ಯಾಯವಾಯಿತು, ಅವಮಾನವಾಯಿತು ಎಂದು ಮನಸ್ಸಿಗೆ ತೋರಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರುತ್ತದೆ. ಎದೆಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ, ಉಸಿರು ವೇಗವಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಆ ಸ್ಥಿತಿಯಲ್ಲಿ ವಿವೇಕವು ಹಿಂದೆ ಬೀಳುತ್ತದೆ. ದೇಹವು ಮತ್ತೆ ಮೊದಲಿನ ಸ್ಥಿತಿಗೆ ಬರಲು ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದೇ?’ ಎಂಬ ಗಾದೆಯು ಈ ಅರ್ಧ ಗಂಟೆಯನ್ನೇ ಕುರಿತದ್ದು.

‘ಸಿಟ್ಟು ಬಂದಾಗ ನನಗೆ ನನ್ನ ಮೇಲೆ ಹಿಡಿತವಿರುವುದಿಲ್ಲ’ ಎಂದು ಹಲವರು ಹೇಳುವುದುಂಟು. ಅವರು ಒಂದು ಸಂಗತಿಯನ್ನು ಯೋಚಿಸಬೇಕು. ಸಾಲ ಕೊಟ್ಟ ಸಾಹುಕಾರನೆದುರು, ಕಚೇರಿಯ ಅಧಿಕಾರಿಯೆದುರು ಎಷ್ಟೇ ಕೋಪ ಬಂದರೂ ಕೈ ಮೇಲೇಳುವುದಿಲ್ಲ. ಮನೆಗೆ ಬಂದು ಹೆಂಡತಿ ಮಕ್ಕಳೆದುರು ಮಾತ್ರ ಅದು ಮೇಲೇಳುತ್ತದೆ. ಅಂದರೆ ಹಿಡಿತವು ಇದ್ದೇ ಇದೆ. ಅದನ್ನು ಮನೆಯೊಳಗೂ ಬಳಸುವುದನ್ನು ಕಲಿಯಬೇಕಾಗಿದೆ. ಕಲಿಯಬಹುದು ಎಂಬುದೇ ಚಿಕಿತ್ಸೆಯ ಆಧಾರ.

ಸಹಾಯ ಬೇಕೆಂದು ತಿಳಿಯುವುದು ಹೇಗೆ?

ಕೆಳಗಿನವುಗಳಲ್ಲಿ ಒಂದಾದರೂ ನಿಮ್ಮ ಮನೆಗೆ ಅನ್ವಯಿಸಿದರೆ ತಡಮಾಡಬಾರದು:

1. ಸಣ್ಣ ಕಾರಣಕ್ಕೂ ವಾರದಲ್ಲಿ ಹಲವು ಬಾರಿ ಕೋಪವು ಉಕ್ಕುವುದು.
2. ಕೋಪದಲ್ಲಿ ಕೈಮಾಡುವುದು, ವಸ್ತುಗಳನ್ನು ಒಡೆಯುವುದು, ಬೆದರಿಸುವುದು, ದನಕರುಗಳನ್ನು ಬಡಿಯುವುದು.
3. ನೀವು ಮನೆಗೆ ಬರುವ ಸಪ್ಪಳ ಕೇಳಿದೊಡನೆ ಮಕ್ಕಳು ಮಾತು ನಿಲ್ಲಿಸುವುದು.
4. ಪ್ರತಿ ಬಾರಿಯೂ ಪಶ್ಚಾತ್ತಾಪಪಟ್ಟು ಆಣೆ ಮಾಡಿ, ಮತ್ತೆ ಅದೇ ತಪ್ಪನ್ನು ಮಾಡುವುದು.

ಕೋಪದ ಹಿಂದೆ ಕಾಯಿಲೆ ಇರಬಹುದು

ಮೊದಲು ವೈದ್ಯಕೀಯ ಪರೀಕ್ಷೆ ಆಗಲೇಬೇಕು. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆಯ ಅಂಶ ತೀರ ಇಳಿಯುವುದು, ಹಿಂದೆ ತಲೆಗೆ ಬಿದ್ದ ಪೆಟ್ಟು, ಬಹುಕಾಲದ ನಿದ್ರಾಹೀನತೆ, ಇವೆಲ್ಲ ಮನುಷ್ಯನನ್ನು ಸಿಡುಕನನ್ನಾಗಿ ಮಾಡಬಲ್ಲವು. ಖಿನ್ನತೆಯ ರೋಗವು ಯಾವಾಗಲೂ ಕಣ್ಣೀರಿನ ರೂಪದಲ್ಲಿ ಬರುವುದಿಲ್ಲ. ಮಳೆ ಕೈಕೊಟ್ಟು ಸಾಲದಲ್ಲಿ ಸಿಲುಕಿದ ರೈತನಲ್ಲಿ ಅದು ಸಿಡುಕಿನ ರೂಪ ತಾಳಬಹುದು. ಹೆರಿಗೆಯಾದ ತಾಯಿಯು ನಿದ್ರೆಯಿಲ್ಲದೆ, ವಿನಾಕಾರಣ ರೇಗುತ್ತ, ಮಗುವಿನ ಮೇಲೂ ಬೇಸರಪಡುತ್ತಿದ್ದರೆ ಅದು ಸೊಕ್ಕಲ್ಲ, ಬಾಣಂತಿಯ ಖಿನ್ನತೆ ಇರಬಹುದು. ಇವುಗಳಿಗೆ ಪರಿಣಾಮಕಾರಿ ಚಿಕಿತ್ಸೆಯುಂಟು.

ಇನ್ನು ಮದ್ಯಪಾನ. ಕುಡಿತವು ಮಿದುಳಿನ ತಡೆಯುವ ಶಕ್ತಿಯನ್ನೇ ಮೊದಲು ಕುಂದಿಸುತ್ತದೆ. ಕುಡಿತ ಬಿಡದೆ ಕೋಪಕ್ಕೆ ಮಾಡುವ ಚಿಕಿತ್ಸೆಯು ಒಡೆದ ಕೆರೆಗೆ ನೀರು ಹೊತ್ತಂತೆ. ಆದರೆ ಬಹುಕಾಲ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಮೂರ್ಛೆ, ಭ್ರಾಂತಿ ಉಂಟಾಗಬಹುದು. ಆದುದರಿಂದ ವೈದ್ಯರ ಸಲಹೆಯಲ್ಲಿಯೇ ಬಿಡಬೇಕು.

ಎಲ್ಲಿಗೆ ಹೋಗಬೇಕು?

‘ಹುಚ್ಚಾಸ್ಪತ್ರೆಗೆ ಹೋದನೆಂದು ಊರವರು ಆಡಿಕೊಳ್ಳುತ್ತಾರೆ’ ಎಂಬ ಅಂಜಿಕೆಯೇ ಬಹಳ ಮಂದಿಯನ್ನು ತಡೆಯುತ್ತದೆ. ವಾಸ್ತವವಾಗಿ ಆಸ್ಪತ್ರೆಯಲ್ಲಿ ಸೇರಿಸುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ಚಿಕಿತ್ಸಕರ ಕರ್ತವ್ಯ. ಪ್ರಾಣಕ್ಕೆ ಅಪಾಯವಿರುವಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿಯಿದೆ.

ಮೊದಲ ಮೆಟ್ಟಿಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ. ಆಶಾ ಕಾರ್ಯಕರ್ತೆಯ ಮೂಲಕವೂ ವಿಚಾರಿಸಬಹುದು. ವೈದ್ಯರೊಡನೆ ‘ಸ್ವಲ್ಪ ಪ್ರತ್ಯೇಕವಾಗಿ ಮಾತನಾಡಬೇಕು, ನನಗೆ ಸಿಟ್ಟು ತಡೆಯಲಾಗುತ್ತಿಲ್ಲ’ ಎಂದರೆ ಸಾಕು. ತಾಲ್ಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರದಂದು ಭೇಟಿ ನೀಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಸರದಿಯನ್ನು ಮೊದಲೇ ಕೇಳಿ ತಿಳಿದುಕೊಂಡು ಹೋದರೆ ಕೂಲಿಯ ದಿನ ವ್ಯರ್ಥವಾಗುವುದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿರುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಆರಂಭವಾದ ಈ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾಯಿತೆಂಬುದು ನಮ್ಮ ನಾಡಿಗೆ ಹೆಮ್ಮೆಯ ಸಂಗತಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗಳಿವೆ.

ಮನೆಯಿಂದ ಹೊರಡಲು ಸಾಧ್ಯವಾಗದವರಿಗೆ ದೂರವಾಣಿಯೂ ಒಂದು ದಾರಿ. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಯಾರು ಯಾವ ಚಿಕಿತ್ಸಕರು ಎಂಬುದನ್ನೂ ತಿಳಿದಿರಬೇಕು. ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧಿ ಬರೆಯಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಕೊಡುವುದಿಲ್ಲ, ಮಾತು ಮತ್ತು ಅಭ್ಯಾಸಗಳ ಮೂಲಕ ಚಿಕಿತ್ಸೆ ನೀಡುತ್ತಾರೆ. ಖಾಸಗಿಯಾಗಿ ಹೋಗುವವರು ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬಾರದು. ‘ಒಂದೇ ಭೇಟಿಯಲ್ಲಿ ಗುಣ’ ಎನ್ನುವವರನ್ನೂ, ತಾಯಿತ ಕಟ್ಟುವವರನ್ನೂ ನಂಬಿ ಹಣ ಕಳೆದುಕೊಳ್ಳಬೇಡಿ.

ಅಲ್ಲಿ ಏನು ಮಾಡುತ್ತಾರೆ?

ಕೋಪಕ್ಕೆಂದೇ ಇರುವ ಮಾತ್ರೆಯಿಲ್ಲ. ಹಿನ್ನೆಲೆಯಲ್ಲಿ ಖಿನ್ನತೆಯಂತಹ ಕಾಯಿಲೆ ಇದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ. ಮುಖ್ಯ ಚಿಕಿತ್ಸೆಯು ಮಾತುಕತೆಯೇ. ವಾರಕ್ಕೊಮ್ಮೆಯಂತೆ ಸುಮಾರು ಹತ್ತು ಹನ್ನೆರಡು ಭೇಟಿಗಳು ಬೇಕಾಗಬಹುದು. ಕೋಪ ಬಂದ ಹೊತ್ತು, ಕಾರಣ, ಆಗ ಮನಸ್ಸಿನಲ್ಲಿ ಸುಳಿದ ಮಾತು, ಮಾಡಿದ ಕಾರ್ಯ, ಇವುಗಳನ್ನು ಬರೆದಿಡಲು ಹೇಳುತ್ತಾರೆ. ಓದು ಬಾರದವರು ನೆನಪಿನಿಂದ ಹೇಳಿದರೂ ಆದೀತು. ‘ಸಾರಿಗೆ ಉಪ್ಪು ಹೆಚ್ಚಾಯಿತು’ ಎಂಬುದು ಕಾರಣವಲ್ಲ, ‘ನನ್ನನ್ನು ಇವಳು ಲೆಕ್ಕಕ್ಕೇ ಇಟ್ಟಿಲ್ಲ’ ಎಂಬ ಯೋಚನೆಯೇ ಕಾರಣ ಎಂಬುದು ಆಗ ತಾನಾಗಿ ಗೋಚರಿಸುತ್ತದೆ. ಆ ಯೋಚನೆಯನ್ನು ತೂಗಿ ನೋಡುವುದನ್ನು ಚಿಕಿತ್ಸಕರು ಕಲಿಸುತ್ತಾರೆ.

ಅಲ್ಲಿಯತನಕ ಮನೆಯಲ್ಲಿಯೇ ಇಷ್ಟನ್ನು ಮಾಡಬಹುದು. ಮುಷ್ಟಿ ಬಿಗಿಯುತ್ತಿದೆಯೆಂದು ತಿಳಿದೊಡನೆ ‘ನನಗೆ ಸಿಟ್ಟು ಬರುತ್ತಿದೆ, ಅರ್ಧ ಗಂಟೆ ಬಿಟ್ಟು ಮಾತನಾಡೋಣ’ ಎಂದು ಹೇಳಿ ಹೊರಗೆ ನಡೆಯಿರಿ. ಸಾರಾಯಿ ಅಂಗಡಿಯ ದಾರಿ ಹಿಡಿಯಬೇಡಿ. ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡಿ. ಅರ್ಧ ಗಂಟೆಯಾದ ಮೇಲೆ ಹಿಂತಿರುಗಿ, ಆ ಮಾತನ್ನು ಮುಗಿಸಿರಿ. ಗೋಡೆಯನ್ನೋ ದಿಂಬನ್ನೋ ಗುದ್ದಿದರೆ ಕೋಪ ಇಳಿಯುತ್ತದೆಂಬ ನಂಬಿಕೆ ತಪ್ಪು. ಗುದ್ದುವ ಅಭ್ಯಾಸವು ಬಲಿಯುತ್ತದೆಯಷ್ಟೆ.

ಹೊಡೆತ ತಿನ್ನುವವರಿಗೆ ಒಂದು ಮಾತು

ತಾಯಂದಿರೇ, ಗಂಡನ ಕೋಪವನ್ನು ಗುಣಪಡಿಸುವ ಹೊಣೆ ನಿಮ್ಮದಲ್ಲ. ‘ನಾನು ಇನ್ನೂ ಸಹನೆಯಿಂದಿದ್ದರೆ ಹೊಡೆಯುತ್ತಿರಲಿಲ್ಲವೇನೋ’ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಆತನು ಚಿಕಿತ್ಸೆಗೆ ಒಪ್ಪುವವರೆಗೆ ಏಟು ತಿನ್ನುತ್ತ ಕಾಯಬೇಕಾಗಿಲ್ಲ. 181 ಮಹಿಳಾ ಸಹಾಯವಾಣಿ, ತುರ್ತು ಸಂದರ್ಭದಲ್ಲಿ 112, ಮಕ್ಕಳಿಗಾಗಿ 1098 ಸಂಖ್ಯೆಗಳಿವೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆಯು ನಿಮಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ರಕ್ಷಣೆಯನ್ನೂ ಒದಗಿಸುತ್ತದೆ. ಗಾಯಕ್ಕೆ ಚಿಕಿತ್ಸೆ ಪಡೆಯುವಾಗ ವೈದ್ಯರಿಗೆ ನಿಜವನ್ನು ಹೇಳಿರಿ.

ಆ ಮನೆಯ ಕಥೆ

ಆ ತಂದೆಯು ತಾಲ್ಲೂಕು ಆಸ್ಪತ್ರೆಯ ಮೂಲಕ ಜಿಲ್ಲಾ ಆಸ್ಪತ್ರೆಗೆ ಹೋದನು. ನಡುವೆ ಎರಡು ಬಾರಿ ತಪ್ಪಿಸಿದನು, ಒಮ್ಮೆ ಮತ್ತೆ ಕುಡಿದನು. ಆತನ ಹೆಂಡತಿ ಆ ಅವಧಿಯನ್ನು ತವರಿನಲ್ಲಿ ಕಳೆದಳು. ಆರು ತಿಂಗಳು ಕಳೆದ ಮೇಲೆ, ಅದೂ ತಾನಾಗಿಯೇ ಯೋಚಿಸಿ, ಹಿಂತಿರುಗಿದಳು. ಈಗಲೂ ಅವರಲ್ಲಿ ಜಗಳವಾಗುತ್ತದಂತೆ. ಆದರೆ ಕೈ ಮೇಲೇಳುವುದಿಲ್ಲ, ಆತನು ಎದ್ದು ಹುಣಿಸೆಮರದ ತನಕ ನಡೆದು ಹಿಂತಿರುಗುತ್ತಾನೆ ಎಂದು ಆಕೆಯೇ ನನಗೆ ಹೇಳಿದಳು. ಹುಡುಗನ ಮೂಳೆ ಆರು ವಾರಗಳಲ್ಲಿ ಕೂಡಿತು. ಆದರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಶಬ್ದವಾದರೆ ಅವನು ಇಂದಿಗೂ ಬೆಚ್ಚುತ್ತಾನೆ.

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಇನ್ನೊಂದು ಗಾದೆಯನ್ನೂ ನಮ್ಮ ಹಿರಿಯರೇ ಹೇಳಿದ್ದಾರೆ. ಜ್ವರ ಬಂದರೆ ಆಸ್ಪತ್ರೆಗೆ ಬರಲು ನೀವು ನಾಚುವುದಿಲ್ಲ. ಕೋಪವು ಮನೆಯನ್ನು ಸುಡುತ್ತಿರುವಾಗಲೂ ನಾಚಬೇಡಿ. ಮೂಳೆ ಮುರಿಯುವ ಮುನ್ನವೇ ಬನ್ನಿ.