ಸಂಸತ್ ಭವನದ ನಾಣ್ಯ ಲಕ್ಷ ತರುವುದಿಲ್ಲ

ನಂಬಿಕೆ: ಸಂಸತ್ ಭವನದ ಚಿತ್ರವಿರುವ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆ, ರಿಸರ್ವ್ ಬ್ಯಾಂಕೇ ಕೊಳ್ಳುತ್ತದೆ.

ಸತ್ಯ: ಶುದ್ಧ ಸುಳ್ಳು. ನಮ್ಮ ಸಂತೆಕಲ್ಲೂರು, ಮಸ್ಕಿ, ಸಿಂಧನೂರಿನ ಮೊಬೈಲುಗಳಲ್ಲಿ ಹೀಗೆಂದು ಹೇಳುವ ವಿಡಿಯೊ ಎಷ್ಟು ಸುತ್ತು ಹೊಡೆದರೂ ಸುಳ್ಳು ಸುಳ್ಳೇ.

ಸಂಸತ್ತಿಗೆ 60 ವರ್ಷ ತುಂಬಿದ ನೆನಪಿಗೆ 2012ರಲ್ಲಿ ಸರ್ಕಾರ ಈ ನಾಣ್ಯಗಳನ್ನು ಹೊರಡಿಸಿತು. 1927ರಲ್ಲಿ ಉದ್ಘಾಟನೆಯಾದ ದುಂಡನೆಯ ಹಳೇ ಭವನ ಅದರ ಮೇಲಿದೆ. ಜನರ ಕೈಯಲ್ಲಿ ಓಡಾಡಲೆಂದೇ ಅಚ್ಚು ಹಾಕಿದವು ಇವು. ಸಂಗ್ರಾಹಕರು ದುಡ್ಡು ಸುರಿಯುವುದು ವಿರಳವಾದ, ಗೀರು ಬೀಳದ ನಾಣ್ಯಕ್ಕೆ. ಕಿಸೆಯಲ್ಲಿ ಸವೆದ ಹತ್ತರ ನಾಣ್ಯಕ್ಕೆ ಹತ್ತೇ ರೂಪಾಯಿ. ಮೋಸಗಾರರು ಇಸವಿಯ ಕೆಳಗಿನ ಗುರುತು ತೋರಿಸಿ 'ಅಪರೂಪದ್ದು' ಎಂದು ನಂಬಿಸುತ್ತಾರೆ. ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರವಿದ್ದರೆ ಹೈದರಾಬಾದ್, ವಜ್ರಾಕೃತಿಯಿದ್ದರೆ ಮುಂಬೈ ಟಂಕಸಾಲೆ ಎಂದರ್ಥ. ಮತ್ತೇನೂ ಇಲ್ಲ.

ಮೋಸದ ದಾರಿಯೂ ಒಂದೇ. ಫೋಟೊ ತರಿಸಿಕೊಂಡು ದೊಡ್ಡ ಬೆಲೆ ಒಪ್ಪುತ್ತಾರೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ನಿಮ್ಮಿಂದಲೇ ವಸೂಲಿಗೆ ಇಳಿಯುತ್ತಾರೆ. ಮಾರುವವನೇ ಕೈಯಿಂದ ದುಡ್ಡು ಕಟ್ಟುವ ವ್ಯಾಪಾರ ಯಾವ ಸಂತೆಯಲ್ಲಿ ನಡೆಯುತ್ತದೆ? ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸ್ಪಷ್ಟವಾಗಿ ಎಚ್ಚರಿಸಿದೆ.

ನಂಬಿಕೆ: ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ಅಪ್ಪಟ ಬೆಳ್ಳಿ.
ಸತ್ಯ: 2023ರ ಈ 35 ಗ್ರಾಂ ನಾಣ್ಯದಲ್ಲಿ ಬೆಳ್ಳಿ ಅರ್ಧ ಮಾತ್ರ, ತಾಮ್ರ ಶೇ 40, ನಿಕ್ಕಲ್ ಮತ್ತು ಸತು ತಲಾ ಶೇ 5.

ನಂಬಿಕೆ: ಅದು ಚಿಲ್ಲರೆಯಾಗಿ ಕೈಗೆ ಬರುತ್ತದೆ.
ಸತ್ಯ: ಚಲಾವಣೆಗೆ ಬಿಟ್ಟ ನಾಣ್ಯವೇ ಅಲ್ಲ, ಟಂಕಸಾಲೆ ಅದನ್ನು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಸಂಗ್ರಾಹಕರಿಗೆ ಮಾರುತ್ತದೆ.

ನಂಬಿಕೆ: ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬೆಲೆ ಏರುತ್ತದೆ.
ಸತ್ಯ: ಇಳಿಯುತ್ತದೆ.

ನಂಬಿಕೆ: ಹತ್ತರ ನಾಣ್ಯ ನಡೆಯುವುದಿಲ್ಲ.
ಸತ್ಯ: ಆಗಿನ 14 ವಿನ್ಯಾಸಗಳೂ ನಡೆಯುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ.

ನಮ್ಮ ನಾಣ್ಯಗಳ ಮೇಲಿರುವುದು ಅಶೋಕನ ಸಿಂಹ. ಹಳೆಯ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ದೊರೆ ಈ ಅಶೋಕನೇ ಇರಬೇಕೆಂದು ವಿದ್ವಾಂಸರು ಊಹಿಸಿದ್ದರು. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಗಲ್ಲಿನ ಶಾಸನ ಅಶೋಕನ ಹೆಸರನ್ನೇ ತೋರಿಸಿ ಸಂಶಯ ನೀಗಿಸಿತು. ಅಂಥ ಸಾಕ್ಷಿ ಮಗ್ಗುಲಲ್ಲೇ ಇರುವ ನಾವು, ಯಾರೋ ಕಳಿಸಿದ ವಿಡಿಯೊವನ್ನು ವಿಚಾರಿಸದೆ ನಂಬುವುದು ತಪ್ಪು. ನಾಣ್ಯದಲ್ಲಿ ಆದ ತಪ್ಪು ಜಮೀನು, ಔಷಧ, ನೌಕರಿಯ ವಿಷಯದಲ್ಲೂ ಆಗುತ್ತಿದೆ.

ನಾಣ್ಯ ಕೂಡಿಡಿ, ಅದರ ಮೇಲಿನ ಭವನದ ಕಥೆಯನ್ನು ಮಕ್ಕಳಿಗೆ ಹೇಳಿ. ಕೊಳ್ಳುತ್ತೇನೆಂದವನು ಮುಂಗಡ ಕೇಳಿದರೆ ಒಂದು ಪೈಸೆಯೂ ಕೊಡಬೇಡಿ. ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.