ಮನೆಯೊಳಗಿನ ಕಚೇರಿ: ಫೆಂಗ್‌ಶುಯಿ ಎಷ್ಟು, ಆರೋಗ್ಯ ಎಷ್ಟು?

ನಿಮ್ಮ ಮನೆಯಲ್ಲಿ ಕುಳಿತು ಕಚೇರಿ ಕೆಲಸ ಮಾಡುವವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರು ಎಲ್ಲಿ, ಹೇಗೆ ಕೂರುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ. ಊಟದ ಮೇಜಿನ ಒಂದು ತುದಿ, ಟಿ.ವಿ. ಎದುರಿನ ಸೋಫಾ, ಇಲ್ಲವೇ ದಿಂಬಿಗೆ ಒರಗಿಕೊಂಡು ಮಂಚದ ಮೇಲೆ. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ 'ನಾಲ್ಕು ದಿನದ ಮಾತು' ಎಂದು ಹೂಡಿದ ಈ ಬಿಡಾರ ಎಷ್ಟೋ ಮನೆಗಳಲ್ಲಿ ಇನ್ನೂ ಎದ್ದಿಲ್ಲ. ಅದರ ಜೊತೆಗೇ ಬಂದ ಕತ್ತು ನೋವು, ಸೊಂಟ ನೋವು, ಕಣ್ಣುರಿ, ಸಿಡುಕು, ರಾತ್ರಿ ಹತ್ತಿರ ಸುಳಿಯದ ನಿದ್ದೆ ಇವೂ ಮನೆಯ ಸದಸ್ಯರೇ ಆಗಿಬಿಟ್ಟಿವೆ.

ಇಂಥ ಹೊತ್ತಿನಲ್ಲಿ ಯಾರಾದರೂ 'ನಿಮ್ಮ ಮೇಜು ಇರಬೇಕಾದ ಕಡೆ ಇಲ್ಲ, ಫೆಂಗ್‌ಶುಯಿ ಪ್ರಕಾರ ಇಡಿ' ಎಂದರೆ ಕಿವಿ ನೆಟ್ಟಗಾಗುವುದು ಸಹಜ. ಗಂಟೆ, ಕನ್ನಡಿ, ನಗುವ ಬುದ್ಧ, ಬಿದಿರಿನ ಗಿಡ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಇವುಗಳಿಂದ ನಿಮ್ಮ ನೋವು ಹೋದೀತೇ? ಈ ಪದ್ಧತಿಯಲ್ಲಿ ನಾವು ಒಪ್ಪಬಹುದಾದದ್ದು ಯಾವುದು, ಬಿಡಬೇಕಾದದ್ದು ಯಾವುದು? ಈ ವಾರ ಅದನ್ನು ನೋಡೋಣ.

ಗಾಳಿ ಮತ್ತು ನೀರು

ಚೀನೀ ಭಾಷೆಯಲ್ಲಿ ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ಭೂಮಿಯಲ್ಲಿ ಹರಿಯುವ 'ಚೀ' ಎಂಬ ಜೀವಶಕ್ತಿಯನ್ನು ಗಾಳಿ ಚದುರಿಸುತ್ತದೆ, ನೀರು ತಡೆದು ನಿಲ್ಲಿಸುತ್ತದೆ ಎಂಬುದು ಇದರ ಮೂಲ ನಂಬಿಕೆ. ಇದು ಬೆಳೆದದ್ದು ಮನೆ ಕಟ್ಟುವವರಿಗಾಗಿ ಮಾತ್ರವಲ್ಲ, ಹಿರಿಯರ ಸಮಾಧಿಗೆ ಒಳ್ಳೆಯ ಜಾಗ ಹುಡುಕುವವರಿಗಾಗಿ ಕೂಡ. ಇದರ ಹಳೆಯ ಗ್ರಂಥವೊಂದನ್ನು ಬರೆದವನೆಂದು ಹೇಳಲಾಗುವ ಗುವೊ ಪು ಎಂಬ ವಿದ್ವಾಂಸ ಬದುಕಿದ್ದು ಕ್ರಿ.ಶ. 276ರಿಂದ 324ರವರೆಗೆ. ಆ ಗ್ರಂಥದ ವಿಷಯವೇ ಸಮಾಧಿ.

ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ಬಾಗಿಲು ದಕ್ಷಿಣಕ್ಕೆ. ಇದು ಫೆಂಗ್‌ಶುಯಿ ಮೆಚ್ಚುವ ಮನೆ. ಉತ್ತರ ಚೀನಾದ ಹವೆಯನ್ನು ನೆನೆದರೆ ಇದರಲ್ಲಿ ಜಾಣತನವಿದೆ. ಚಳಿಗಾಲದಲ್ಲಿ ಕೊರೆಯುವ ಗಾಳಿ ಬೀಸುವುದು ಉತ್ತರದಿಂದ. ಅದನ್ನು ಬೆಟ್ಟ ತಡೆಯುತ್ತದೆ. ಬಿಸಿಲು ಬರುವುದು ದಕ್ಷಿಣದಿಂದ. ಅದು ಮನೆಯೊಳಗೆ ಬೀಳುತ್ತದೆ. ಬೆಚ್ಚಗಿನ, ಬೆಳಕಿನ ಮನೆಯಲ್ಲಿ ಇರುವವರು ಆರೋಗ್ಯವಾಗಿರುತ್ತಾರೆ ಎಂಬುದಕ್ಕೆ ಯಾರ ತಕರಾರೂ ಇಲ್ಲ.

ಆದರೆ ನಮ್ಮಲ್ಲಿ ವಾಸ್ತು ನೋಡುವವರು ದಕ್ಷಿಣದ ಬಾಗಿಲು ಎಂದರೆ ಹಿಂಜರಿಯುತ್ತಾರೆ. ಒಂದೇ ದಿಕ್ಕು ಹಿಮಾಲಯದ ಆಚೆ ಶುಭ, ಈಚೆ ಅಶುಭ ಆಗಲಾರದು. ಫೆಂಗ್‌ಶುಯಿಯಲ್ಲೇ ಒಂದು ಪಂಥದವರು ಲುವೊಪಾನ್ ಎಂಬ ದಿಕ್ಸೂಚಿ ಹಿಡಿದು ದಿಕ್ಕು ನೋಡುತ್ತಾರೆ. ಲಿನ್ ಯುನ್ ಎಂಬವರು 1980ರ ದಶಕದಲ್ಲಿ ಅಮೆರಿಕದಲ್ಲಿ ಹರಡಿದ ಪಂಥದವರು ದಿಕ್ಸೂಚಿಯನ್ನು ಬದಿಗಿಟ್ಟು, ಕೋಣೆಯ ಬಾಗಿಲಿನಿಂದ ಎಂಟು ಭಾಗಗಳ ಲೆಕ್ಕ ಹಾಕುತ್ತಾರೆ. ನಿಮ್ಮ ಒಂದೇ ಮೇಜಿಗೆ ಇಬ್ಬರು ಎರಡು ಜಾಗ ಹೇಳಬಹುದು. ಹಾಗಾಗಿ ದಿಕ್ಕಿನ ಜಗಳವನ್ನು ಅಲ್ಲಿಗೇ ಬಿಡಿ. ಚೀಯನ್ನು ಅಳೆಯುವ ಉಪಕರಣ ಯಾವುದೂ ಇಲ್ಲ. ನಿಮ್ಮ ಕತ್ತು, ಕಣ್ಣು, ನಿದ್ದೆ ಏನು ಹೇಳುತ್ತವೆ ಎಂಬುದನ್ನು ಮಾತ್ರ ನೀವೇ ನೋಡಿಕೊಳ್ಳಬಹುದು.

ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು

ಫೆಂಗ್‌ಶುಯಿಯ ಸಲಹೆಗಳಲ್ಲಿ ಬಹಳ ಉಪಯುಕ್ತವಾದದ್ದು ಇದು. ಕೂತಾಗ ಬೆನ್ನ ಹಿಂದೆ ಗಟ್ಟಿ ಗೋಡೆ ಇರಬೇಕು, ಬಾಗಿಲು ಕಣ್ಣಿಗೆ ಬೀಳುತ್ತಿರಬೇಕು, ಆದರೆ ಬಾಗಿಲಿಗೆ ನೇರ ಎದುರಾಗಿ ಕೂರಬಾರದು. ಬೆಟ್ಟದ ಜಾಗದಲ್ಲಿ ಗೋಡೆ ಬಂತು, ಅಷ್ಟೇ.

ಇದಕ್ಕೆ ಮನಸ್ಸಿನ ಕಡೆಯಿಂದ ಕಾರಣ ಕೊಡಬಹುದು. ಬಾಗಿಲಿಗೆ ಬೆನ್ನು ಮಾಡಿ ಕೂತಾಗ ಹಿಂದೆ ಯಾರು ಬಂದರು, ಯಾರು ಹೋದರು ಎಂದು ಮನಸ್ಸಿನ ಒಂದು ಮೂಲೆ ಸದಾ ಕಿವಿಗೊಟ್ಟಿರುತ್ತದೆ. ಮಗು ಓಡಿ ಬಂದು ಭುಜ ಹಿಡಿದರೆ ಬೆಚ್ಚಿ ಬೀಳುತ್ತೀರಿ. ಬಳಿಕ ಮಗುವಿನ ಮೇಲೆ ರೇಗುತ್ತೀರಿ. ತಾನು ಮರೆಯಲ್ಲಿದ್ದು ಸುತ್ತಲನ್ನು ನೋಡಬಲ್ಲ ಜಾಗ ಮನುಷ್ಯನಿಗೆ ಹಿತವೆನಿಸುತ್ತದೆ ಎಂದು ಇಂಗ್ಲೆಂಡಿನ ಭೂಗೋಳ ತಜ್ಞ ಜೇ ಆ್ಯಪಲ್‌ಟನ್ 1975ರಲ್ಲೇ ವಾದಿಸಿದ್ದರು. ಅವರು ಹೇಳಿದ್ದು ಭೂದೃಶ್ಯಗಳ ಬಗ್ಗೆ. ಕೋಣೆಯ ಮಟ್ಟಿಗೂ ಆ ಮಾತು ಹೊಂದುತ್ತದೆ.

ಮೇಜನ್ನು ತಿರುಗಿಸಲು ಜಾಗವಿಲ್ಲವೇ? ಬಾಗಿಲು ಕಾಣುವಂತೆ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ ಇಡಿ ಎನ್ನುತ್ತದೆ ಫೆಂಗ್‌ಶುಯಿ. ಇಡಬಹುದು. ಖರ್ಚು ಕಡಿಮೆ, ಬೆಚ್ಚುವುದೂ ತಪ್ಪುತ್ತದೆ. ಕಿಟಕಿಯ ಬೆಳಕು ಅದರಿಂದ ಕಣ್ಣಿಗೆ ಹೊಡೆಯದಂತೆ ನೋಡಿಕೊಳ್ಳಿ.

ಬೆಳಕು ಬದಿಯಿಂದ ಬರಲಿ

ಕಿಟಕಿ ಕಂಪ್ಯೂಟರ್ ಪರದೆಯ ಹಿಂದಿದ್ದರೆ ಹೊರಗಿನ ಪ್ರಖರ ಬೆಳಕಿಗೂ ಪರದೆಗೂ ನಡುವೆ ಕಣ್ಣು ಸೋಲುತ್ತದೆ. ಕಿಟಕಿ ನಿಮ್ಮ ಬೆನ್ನ ಹಿಂದಿದ್ದರೆ ಅದರ ಪ್ರತಿಬಿಂಬ ಪರದೆಯ ಮೇಲೆ ಕುಣಿಯುತ್ತದೆ. ಬೆಳಕು ಪಕ್ಕದಿಂದ ಬರುವಂತೆ ಕೂರುವುದೇ ಸರಿ. ಬಲಗೈಯಲ್ಲಿ ಬರೆಯುವವರಿಗೆ ಎಡಗಡೆಯಿಂದ ಬಂದರೆ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಉತ್ತರದ ಕಿಟಕಿ ವರ್ಷದ ಹೆಚ್ಚು ಕಾಲ ನೇರ ಬಿಸಿಲಿಲ್ಲದ ತಣ್ಣನೆಯ ಬೆಳಕು ಕೊಡುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆಗ ಒಂದು ತೆಳು ಪರದೆ ಸಾಕು. ಪಶ್ಚಿಮದ ಕಿಟಕಿಯ ಬಳಿ ಕೂರುವವರಿಗೆ ಮಧ್ಯಾಹ್ನ ಮೂರರ ನಂತರ ಸೆಕೆ, ತಲೆನೋವು ತಪ್ಪಿದ್ದಲ್ಲ.

ಕಿಟಕಿಯಿಂದ ಒಂದು ಮರ ಕಂಡರೆ ಇನ್ನೂ ಒಳ್ಳೆಯದು. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆಗಿದ್ದ 46 ರೋಗಿಗಳ ದಾಖಲೆ ಪರಿಶೀಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಅವರಿಗೆ ಕೊಟ್ಟ ಬಲವಾದ ನೋವಿನ ಮದ್ದೂ ಕಡಿಮೆ ಇತ್ತು. ಇದು ಚಿಕ್ಕ ಅಧ್ಯಯನ, ನಿಜ. ಆದರೆ ಹೊರಗೆ ದೃಷ್ಟಿ ಹಾಯಿಸಿದರೆ ಕಣ್ಣಿಗೆ ವಿಶ್ರಾಂತಿ ಸಿಗುವುದಂತೂ ಖಂಡಿತ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಪರದೆಯಲ್ಲಿ ಮುಳುಗಿದಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. ಉರಿ, ಒಣಗಿದ ಅನುಭವಕ್ಕೆ ಅದೇ ಮುಖ್ಯ ಕಾರಣ.

ಫೆಂಗ್‌ಶುಯಿ ಹೇಳದೆ ಬಿಟ್ಟದ್ದು

ಮೇಜಿನ ಮೇಲೆ ರಾಶಿ ಬಿದ್ದರೆ ಚೀ ಹರಿಯುವುದಿಲ್ಲ ಎನ್ನುತ್ತಾರೆ. ಚೀ ಹರಿಯಲಿ ಬಿಡಲಿ, ಕೈ ಚಾಚಲು ಜಾಗ ಬೇಕು. ಧೂಳು ಕೂತ ಕಾಗದದ ಗುಡ್ಡೆ ಸೀನು ತರಿಸುತ್ತದೆ. ನೆಲದ ಮೇಲಿನ ವೈರು ಮನೆಯ ಅಜ್ಜಿಯನ್ನು ಬೀಳಿಸುತ್ತದೆ. ದಿನದ ಕೆಲಸ ಮುಗಿದ ಮೇಲೆ ಐದು ನಿಮಿಷ ಮೇಜು ಒಪ್ಪ ಮಾಡುವುದು ಒಳ್ಳೆಯ ಅಭ್ಯಾಸ.

ಆದರೆ ಮೇಜು ಯಾವ ಮೂಲೆಯಲ್ಲಿದ್ದರೂ ಅದರ ಎತ್ತರ ತಪ್ಪಿದ್ದರೆ ನೋವು ತಪ್ಪದು. ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಕತ್ತು 60 ಡಿಗ್ರಿ ಬಾಗಿದಾಗ ಅದರ ಮೇಲೆ ಬೀಳುವ ಭಾರ ಸುಮಾರು 27 ಕಿಲೋ ಎಂದು 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕರೊಬ್ಬರು ಲೆಕ್ಕ ಹಾಕಿದ್ದರು. ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರ ಭಂಗಿ ನೆನಪಿಸಿಕೊಳ್ಳಿ. ಹೀಗೆ ಮಾಡಿ:

* ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇಲ್ಲವೇ ತುಸು ಕೆಳಗೆ ಇರಲಿ. ದೂರ ಒಂದು ತೋಳಿನಷ್ಟು, ಅಂದರೆ 50ರಿಂದ 70 ಸೆಂಟಿಮೀಟರ್.

* ಲ್ಯಾಪ್‌ಟಾಪ್ ಅನ್ನು ನಾಲ್ಕೈದು ದಪ್ಪ ಪುಸ್ತಕಗಳ ಮೇಲಿಟ್ಟು, ಬೇರೆ ಕೀಬೋರ್ಡ್ ಮತ್ತು ಮೌಸ್ ಬಳಸಿ. ಮೊಣಕೈ ಮೈಗೆ ಹತ್ತಿರವಿದ್ದು ಸುಮಾರು ಲಂಬಕೋನದಲ್ಲಿ ಮಡಚಿರಲಿ.

* ಪಾದ ಪೂರ್ತಿ ನೆಲಕ್ಕೆ ತಾಗಲಿ. ತಾಗದಿದ್ದರೆ ಒಂದು ಮಣೆ ಇಟ್ಟುಕೊಳ್ಳಿ. ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟರೂ ಆಧಾರವಾಗುತ್ತದೆ.

* ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ಫೋನಿನಲ್ಲಿ ಮಾತಾಡುವಾಗ ನಿಂತೇ ಮಾತಾಡಿ.

ಅಲಂಕಾರದ ವಸ್ತುಗಳಿಗೆ ಹಣ ಇಟ್ಟಿದ್ದರೆ, ಅದನ್ನು ಮೊದಲು ಒಳ್ಳೆಯ ಕುರ್ಚಿಗೆ ಹಾಕಿ.

ಮಂಚದ ಮೇಲೆ ಕಚೇರಿ ಬೇಡ

ಮಲಗುವ ಕೋಣೆಯಲ್ಲಿ ಕೆಲಸದ ಮೇಜು ಬೇಡ ಎಂಬುದು ಫೆಂಗ್‌ಶುಯಿಯ ಇನ್ನೊಂದು ಸೂತ್ರ. ವಿಶ್ರಾಂತಿಯದು ಯಿನ್, ದುಡಿಮೆಯದು ಯಾಂಗ್, ಎರಡೂ ಬೆರೆಯಬಾರದು ಎಂಬುದು ಅವರ ಕಾರಣ. ನಿದ್ರಾಹೀನತೆಗೆ ಚಿಕಿತ್ಸೆ ಕೊಡುವವರ ಸಲಹೆಯೂ ಇದೇ. ಹಾಸಿಗೆಯನ್ನು ನಿದ್ದೆಗೇ ಮೀಸಲಿಟ್ಟರೆ ಮಿದುಳು ಹಾಸಿಗೆಯನ್ನೂ ನಿದ್ದೆಯನ್ನೂ ಮತ್ತೆ ಜೋಡಿಸಲು ಕಲಿಯುತ್ತದೆ ಎಂಬ ಚಿಕಿತ್ಸಾ ಕ್ರಮವನ್ನು ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟರು. ಅದು ಇಂದಿಗೂ ಬಳಕೆಯಲ್ಲಿದೆ. ಮಂಚದ ಮೇಲೆ ಕೂತು ಮೇಲಧಿಕಾರಿಯ ಬೈಗುಳ ಕೇಳಿದರೆ, ರಾತ್ರಿ ಅದೇ ಮಂಚದಲ್ಲಿ ನಿದ್ದೆ ಹೇಗೆ ಬಂದೀತು?

'ನಮ್ಮದು ಎರಡೇ ಕೋಣೆಯ ಮನೆ, ಎಲ್ಲಿಗೆ ಹೋಗೋಣ?' ಎಂದು ನೀವು ಕೇಳಬಹುದು. ಪ್ರತ್ಯೇಕ ಕೋಣೆ ಬೇಕಿಲ್ಲ, ಪ್ರತ್ಯೇಕ ಹೊತ್ತು ಬೇಕು. ಒಂದು ಮೂಲೆ ಆರಿಸಿ, ಅಗತ್ಯವಿದ್ದರೆ ಒಂದು ಪರದೆ ಇಳಿಬಿಡಿ. ಸಂಜೆ ಕೆಲಸ ಮುಗಿದೊಡನೆ ಲ್ಯಾಪ್‌ಟಾಪ್ ಚೀಲ ಸೇರಲಿ. ಮುಖ ತೊಳೆದು, ಬಟ್ಟೆ ಬದಲಿಸಿ, ಹತ್ತು ನಿಮಿಷ ಹೊರಗೆ ಸುತ್ತಾಡಿ ಬನ್ನಿ. ಕಚೇರಿಯಿಂದ ಮನೆಗೆ ಬಂದಂತಾಗುತ್ತದೆ.

ಇನ್ನೊಂದು ಮಾತು. ಗಂಡ ಹೆಂಡತಿ ಇಬ್ಬರೂ ಮನೆಯಿಂದ ದುಡಿಯುವ ಕಡೆ ಮೇಜು, ಕುರ್ಚಿ, ಕೋಣೆ ಒಬ್ಬರಿಗೇ ಸಿಕ್ಕಿ, ಇನ್ನೊಬ್ಬರು ಅಡುಗೆಮನೆಯ ಕಟ್ಟೆಯ ಮೇಲೆ ಕಂಪ್ಯೂಟರ್ ಇಟ್ಟು ಕುಕ್ಕರ್ ಸೀಟಿ ಎಣಿಸುತ್ತಾ ಕೆಲಸ ಮಾಡುವುದುಂಟು. ಆ ಇನ್ನೊಬ್ಬರು ಯಾರೆಂದು ಹೇಳಬೇಕಿಲ್ಲ. ಮನೆಯಲ್ಲಿ ಒಂದೇ ಒಳ್ಳೆಯ ಕುರ್ಚಿ ಇದ್ದರೆ ಸರದಿಯ ಮೇಲೆ ಹಂಚಿಕೊಳ್ಳಿ. ಮನೆಯ ಶಾಂತಿಗೆ ಇದಕ್ಕಿಂತ ದೊಡ್ಡ ಉಪಾಯವಿಲ್ಲ.

ಗಿಡ, ನೀರು, ಸೊಳ್ಳೆ

ಅದೃಷ್ಟದ ಬಿದಿರು ಎಂದು ಮಾರುವ ಗಿಡ ಬಿದಿರೇ ಅಲ್ಲ. ಅದು ಆಫ್ರಿಕಾ ಮೂಲದ ಡ್ರಸೀನಾ ಜಾತಿಯದು. ನೋಡಲು ಚೆಂದ, ಇಟ್ಟುಕೊಳ್ಳಿ. ಆದರೆ ಅದು ನಿಂತಿರುವುದು ತಿಳಿನೀರಿನಲ್ಲಿ ಎಂಬುದು ನೆನಪಿರಲಿ. ಡೆಂಗಿ ಹರಡುವ ಸೊಳ್ಳೆಗೆ ಬೇಕಾದದ್ದೂ ಅದೇ. 2001ರಲ್ಲಿ ಚೀನಾದಿಂದ ಕ್ಯಾಲಿಫೋರ್ನಿಯಾಕ್ಕೆ ಹಡಗಿನಲ್ಲಿ ಬಂದ ಇಂಥ ಗಿಡಗಳ ನೀರಿನಲ್ಲಿ ಏಡಿಸ್ ಜಾತಿಯ ಸೊಳ್ಳೆಗಳೂ ಬಂದಿಳಿದಿದ್ದವು. ಮನಿಪ್ಲಾಂಟ್ ಬಾಟಲಿ, ಪುಟ್ಟ ಕಾರಂಜಿ, ಹೂವಿನ ಉರುಳಿ ಎಲ್ಲದರ ನೀರನ್ನೂ ವಾರಕ್ಕೆ ಒಮ್ಮೆಯಾದರೂ ಚೆಲ್ಲಿ, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯಿರಿ. ಮನಿಪ್ಲಾಂಟಿನ ಎಲೆ ಅಗಿದರೆ ಬಾಯಿ, ಗಂಟಲು ಉರಿಯುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆ ಎಟುಕದಂತಿರಲಿ.

ಗಿಡಗಳು ಕೋಣೆಯ ಗಾಳಿ ಶುದ್ಧ ಮಾಡುತ್ತವೆ ಎಂಬ ಮಾತು 1989ರ ನಾಸಾ ಪ್ರಯೋಗದಿಂದ ಹಬ್ಬಿದ್ದು. ಅದು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ಅದೇ ಪರಿಣಾಮ ಬೇಕಾದರೆ ಕಾಡೇ ಬೆಳೆಸಬೇಕಾದೀತು ಎಂದು 2019ರ ಪರಿಶೀಲನೆಯೊಂದು ತೋರಿಸಿತು. ಶುದ್ಧ ಗಾಳಿ ಬೇಕಾದರೆ ಎದುರುಬದುರಿನ ಎರಡು ಕಿಟಕಿ ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಧೂಪ, ಊದುಬತ್ತಿ ಹಚ್ಚಿದರೆ ಆಸ್ತಮಾ ಇರುವವರಿಗೆ ತೊಂದರೆ. ಗಾಳಿಗಂಟೆಯ ನಾದ ನಿಮಗೆ ಹಿತವಾದರೆ ತೂಗುಹಾಕಿ. ಪಕ್ಕದ ಮನೆಯವರಿಗೂ ಹಿತವೇ ಎಂದು ಒಂದು ಮಾತು ಕೇಳಿ.

ಮೇಜು ಸರಿಸಿದರೆ ಸಾಲದು

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ಮೇಜು ತಿರುಗಿಸುವುದರಿಂದ ನಷ್ಟವಿಲ್ಲ. ಕಾಯಿಲೆಯನ್ನು ಮೇಜಿನ ಲೆಕ್ಕಕ್ಕೆ ಬರೆದು ತಿಂಗಳುಗಟ್ಟಲೆ ಕಾಯುವುದರಿಂದ ನಷ್ಟವಿದೆ. ಕತ್ತು ನೋವಿನ ಜೊತೆ ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ, ಸೊಂಟ ನೋವಿನ ಜೊತೆ ಕಾಲಿನ ಬಲ ಕುಂದಿದರೆ ಅಥವಾ ಮಲಮೂತ್ರದ ಹತೋಟಿ ತಪ್ಪಿದರೆ, ದೃಷ್ಟಿ ಹಠಾತ್ತನೆ ಮಂಜಾದರೆ ತಡಮಾಡಬೇಡಿ. ಎದೆಯಲ್ಲಿ ಹಿಂಡಿದಂತಾಗಿ ನೋವು ಭುಜಕ್ಕೋ ದವಡೆಗೋ ಹರಿದರೆ ಅದು ಕುರ್ಚಿಯ ದೋಷವಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲ, ಮಂಕು ಕವಿದಿದೆ, ನಿದ್ದೆಯಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಅದು ಖಿನ್ನತೆ ಇರಬಹುದು. ಕೆಲಸ ಕಳೆದುಕೊಂಡವರಿಗೆ, ಮನೆಯಲ್ಲೇ ಒಂಟಿಯಾಗಿ ದುಡಿಯುವವರಿಗೆ ಇದು ಬರುವುದು ಅಪರೂಪವಲ್ಲ. ಅಂಥವರಿಗೆ 'ನಿನ್ನ ಮೂಲೆ ಸರಿಯಿಲ್ಲ' ಎನ್ನುವುದು ಗಾಯದ ಮೇಲೆ ಬರೆ ಎಳೆದಂತೆ. ಗೋಡೆ ಒಡೆಸುವ ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಿಲ್ಲ.

ಈ ಭಾನುವಾರ ಮನೆಮಂದಿ ಸೇರಿ ಒಂದು ಕೆಲಸ ಮಾಡಿ. ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಬೆನ್ನು ಗೋಡೆಯ ಕಡೆಗೂ ಬೆಳಕು ಪಕ್ಕಕ್ಕೂ ಬರುವಂತೆ ಇಟ್ಟು ನೋಡಿ. ಪರದೆಯ ಎತ್ತರ ಸರಿಮಾಡಿ. ಬಾಟಲಿಯ ನೀರು ಚೆಲ್ಲಿ. ಎರಡು ವಾರ ಹಾಗೇ ಕೆಲಸ ಮಾಡಿ, ಕತ್ತು ಹಗುರವಾಗಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಕೇಳಿಕೊಳ್ಳಿ. ಆಗಿದ್ದರೆ ಸಂತೋಷ. ಆಗದಿದ್ದರೆ ಮೇಜನ್ನು ಇನ್ನೊಂದು ಮೂಲೆಗೆ ಎಳೆಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.