‘ಕನ್ವರ್ಜ್ ಆಗಲಿಲ್ಲ’ ಎಂದರೆ ಏನರ್ಥ?

ತರಗತಿಯ ಅಂಕಿಅಂಶಗಳಿಗೆ ಕಂಪ್ಯೂಟರಿನಲ್ಲಿ ಒಂದು ಸಂಖ್ಯಾಶಾಸ್ತ್ರೀಯ ಮಾದರಿ ಹೊಂದಿಸುವಾಗ ಕೆಲವೊಮ್ಮೆ ‘ಕನ್ವರ್ಜ್ ಆಗಲಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಯಂತ್ರ ಕೆಟ್ಟಿದೆ ಅಂತ ಅಲ್ಲ. ಒಂದು ಅಂದಾಜಿನಿಂದ ಶುರುಮಾಡಿ, ಪ್ರತಿ ಸುತ್ತಿನಲ್ಲೂ ಅದನ್ನು ತಿದ್ದುತ್ತಾ, ಇನ್ನು ತಿದ್ದಲು ಏನೂ ಉಳಿಯದಿದ್ದಾಗ ನಿಲ್ಲುವುದು ಅದರ ಕ್ರಮ. ನಿಲ್ಲುವ ಜಾಗ ಸಿಗದಿದ್ದರೆ ಈ ಎಚ್ಚರಿಕೆ.

ಬೋರ್ಡಿನ ಮೇಲೆ ಮಾಡಿ ತೋರಿಸಬಹುದಾದ ಒಂದು ಕಲ್ಪಿತ ಲೆಕ್ಕ ನೋಡೋಣ. ಹತ್ತು ಮಕ್ಕಳು. ವಾರಕ್ಕೆ 1, 2, 2, 3, 3 ಗಂಟೆ ಗಣಿತ ಮಾಡಿದವರು ನಪಾಸು. 5, 5, 6, 7, 8 ಗಂಟೆ ಮಾಡಿದವರು ಪಾಸು. ಪಾಸಾಗುವ ಸಂಭವನೀಯತೆಗೆ ಲಾಜಿಸ್ಟಿಕ್ ವಕ್ರರೇಖೆ ಎಳೆಯಬೇಕು. ಅದರ ನಡುಬಿಂದು 4 ಗಂಟೆ ಇರಲಿ. ಇಳಿಜಾರು 1 ಇಟ್ಟರೆ, 3 ಗಂಟೆ ಓದಿದ ಮಗು ಪಾಸಾಗುವ ಸಂಭವನೀಯತೆ 0.27. ಇಳಿಜಾರು 5 ಆದರೆ 0.007. 10 ಆದರೆ 0.00005. ಆ ಮಗು ನಿಜಕ್ಕೂ ನಪಾಸಾಗಿರುವುದರಿಂದ ಈ ಅಂಕೆ ಇಳಿದಷ್ಟೂ ಹೊಂದಾಣಿಕೆ ಚೆನ್ನ! ಹಾಗಾಗಿ ಇಳಿಜಾರು ಬೆಳೆಯುತ್ತಲೇ ಹೋಗುತ್ತದೆ. ತುದಿಯೇ ಇಲ್ಲದ ಗುಡ್ಡ ಹತ್ತಿದ ಹಾಗೆ. ಇದಕ್ಕೆ ‘ಪೂರ್ಣ ಬೇರ್ಪಡೆ’ ಎನ್ನಬಹುದು. ಆಲ್ಬರ್ಟ್ ಮತ್ತು ಆಂಡರ್ಸನ್ 1984ರಲ್ಲಿ ಇಂಥ ಸನ್ನಿವೇಶಗಳನ್ನು ವಿಂಗಡಿಸಿ ತೋರಿಸಿದರು.

ಆರ್ ತಂತ್ರಾಂಶದ ಜಿಎಲ್‌ಎಂ ಆದೇಶ, ನಾವು ಬೇರೆ ಹೇಳದಿದ್ದರೆ, 25 ಸುತ್ತಿಗೆ ನಿಲ್ಲುತ್ತದೆ. ಮಿತಿ ಏರಿಸಿದರೆ ಎಚ್ಚರಿಕೆ ಮಾಯವಾಗಬಹುದು, ಆದರೆ ಬರುವ ಅಂಕೆಗೆ ಅರ್ಥವಿರುವುದಿಲ್ಲ. ಯಂತ್ರ ಸುಸ್ತಾಗಿ ಕುಳಿತ ಜಾಗ ಅದು, ಅಷ್ಟೇ.

ಹಾಗಾದರೆ ಏನು ಮಾಡಬೇಕು?

ಮೊದಲು ಅಂಕಿಗಳನ್ನು ಗಂಟೆಯ ಕ್ರಮದಲ್ಲಿ ಬರೆದು ಕಣ್ಣಾರೆ ನೋಡಿ. ಪಾಸು–ನಪಾಸು ನಡುವೆ ಒಂದೇ ಗೆರೆ ಎಳೆಯಲು ಬಂದರೆ ಕಾರಣ ಸಿಕ್ಕಿತು. ಇದೇ ಪಟ್ಟಿಗೆ 6 ಗಂಟೆ ಓದಿಯೂ ನಪಾಸಾದ ಒಂದು ಮಗು ಸೇರಿದರೆ ಸಾಕು, ಲೆಕ್ಕ ನಿಲ್ಲುತ್ತದೆ.

ಎರಡನೆಯದಾಗಿ, ಒಂದೇ ಸಂಗತಿ ಎರಡು ಕಡೆ ನಮೂದಾಗಿದೆಯೇ ನೋಡಿ. ಓದಿದ ಗಂಟೆ ಒಂದು ಕಾಲಂ, ಅದೇ ನಿಮಿಷದಲ್ಲಿ ಇನ್ನೊಂದು ಕಾಲಂ ಇದ್ದರೆ ಯಾವುದರ ಪಾಲು ಎಷ್ಟೆಂದು ಹೇಳಲಾಗದು. ಇಸವಿಯಂಥ ದೊಡ್ಡ ಸಂಖ್ಯೆಗಳಿದ್ದರೆ ಸರಾಸರಿಯನ್ನು ಕಳೆದು ಬಳಸಿ, ಲೆಕ್ಕ ಹಗುರವಾಗುತ್ತದೆ.

ಬೇರ್ಪಡೆಯೇ ಕಾರಣವಾದರೆ, ಡೇವಿಡ್ ಫರ್ತ್ 1993ರಲ್ಲಿ ಕೊಟ್ಟ ತಿದ್ದುಪಡಿ ಇದೆ. ಇಳಿಜಾರು ಅತಿಯಾದಂತೆ ಸಣ್ಣ ದಂಡ ಬೀಳುವುದರಿಂದ ಅದು ಎಲ್ಲೋ ಒಂದೆಡೆ ನಿಲ್ಲುತ್ತದೆ.

ಹತ್ತು–ಹನ್ನೆರಡು ಮಕ್ಕಳ ಗಡಿನಾಡ ತರಗತಿಗಳಿಗೆ ಇದು ದೂರದ ಮಾತಲ್ಲ. ಮಕ್ಕಳು ಕಡಿಮೆಯಾದಷ್ಟೂ ಬೇರ್ಪಡೆ ಆಕಸ್ಮಿಕವಾಗಿಯೇ ಉಂಟಾಗುವ ಸಾಧ್ಯತೆ ಹೆಚ್ಚು. ‘4 ಗಂಟೆಗಿಂತ ಕಡಿಮೆ ಓದಿದರೆ ನಪಾಸು ಖಂಡಿತ’ ಎಂದು ವರದಿಯಲ್ಲಿ ಬರೆದು ಒಂದು ಮಗುವನ್ನು ಕೈಬಿಡುವ ಮುನ್ನ ನೆನಪಿರಲಿ: ಅಷ್ಟು ಖಚಿತವಾಗಿ ಹೇಳಲು ಹತ್ತು ಮಕ್ಕಳ ಅಂಕಿ ಸಾಲದು. ಆ ಎಚ್ಚರಿಕೆ ಹೇಳುತ್ತಿರುವುದೂ ಅದನ್ನೇ.